ನಿಂಬೆ ಶರಬತ್ತಿನ ಅಮಲು

ಅಕ್ಕಾ ರೇಣವ್ವ,
ಅರ್ಧ ಬೆಂಗಳೂರಿಗೆ ದಾರು ಬಿಡಿಸಿದವನು ನಿನ್ನ ತಮ್ಮನೇ. ನಿನಗೆ ಮಾತು ಕೊಟ್ಟಂತೆ ನಾನೂ ಮುಟ್ಟಿಲ್ಲ. ನಿನ್ನೆ ನಿನ್ನ ಕಣ್ಣಿಗೆ ಚಾಳೀಸು ಕೊಳ್ಳಲೆಂದೇ ಜಯನಗರಕ್ಕೆ ಹೋದೆ. ಅಲ್ಲೊಂದು ಹೋಟೆಲಿನಲ್ಲಿ ದಾರು ಬದಲಿಗೆ ಭಂಗಿ ಸೊಪ್ಪಿನ ಪಾನಕ ಕೊಡುತ್ತಾರೆ. ಅದನ್ನು ಕುಡಿದೂ ಒಂಟಿಕಾಲಲ್ಲಿ ನಿಲ್ಲುತ್ತೇನೆಂದು, ಜೊತೆಗೆ ಬಂದಿದ್ದ ನಮ್ಮ ಮನೆ ಮಾಲೀಕ ಗುಂಡಣ್ಣನ ಜೊತೆ ಪಂದ್ಯ ಕಟ್ಟಿದೆ. ಮೇಜಿನ ಮೇಲಿದ್ದ ಗ್ಲಾಸನ್ನು ಒಂದೇ ಉಸಿರಿಗೆ ಇಳಿಸಿದೆ. ನೆಲ ತೇಲಿತು. ಫ್ರಿಜ್ಜನ್ನು ನಮ್ಮೂರ ಗೌಡರೆಂದು ತಿಳಿದು ಕಾಲಿಗೆ ಬಿದ್ದೆ.

ಬಡಿಸುವ ಹುಡುಗಿ ಓಡಿಬಂದಳು. "ಅಂಕಲ್, ಏಳಿ! ನಿಮ್ ಪಾನಕ ಇನ್ನೂ ಬಂದೇ ಇಲ್ಲ. ನೀವ್ ಕುಡಿದಿದ್ದು ಈ ಪಕ್ಕದಲ್ಲಿ ಕೂತಿರೋ ಆಂಟೀದು ನಿಂಬೆ ಶರಬತ್ತು!"

"ಏನ್ ಗುರು, ಶರಬತ್ತಿಗೇ ಉರುಳ್ಬಿಟ್ಟೆ! ತೆಗಿ ದುಡ್ಡು," ಎಂದ ಗುಂಡಣ್ಣ.

ಹತ್ತು ರೂಪಾಯಿ ಹೋಯಿತು, ಅಷ್ಟೇ. ಮೊಣಕಾಲು ತರಚಿದೆ, ಉಳಿದಂತೆ ಆರಾಮ. ಚಾಳೀಸು ತುಸು ತಡವಾಗುತ್ತದೆ. ಕಾರ್ಡು ತುಂಬಿತು.
ತಮ್ಮ ದೇವೇಂದ್ರಪ್ಪ

ಅಕ್ಕನಿಗೆ ಓದಿ ಹೇಳುತ್ತಿರುವ ಅಂಚೆಯ ಮರೆಪ್ಪಾ, ಈ ಸಾಲನ್ನು ಮಾತ್ರ ಮನಸ್ಸಿನಲ್ಲೇ ಓದಿಕೋ: ಚಾಳೀಸಿಗೆಂದು ಅವಳು ಕೊಟ್ಟಿದ್ದ ಎರಡು ಸಾವಿರದ ನಾನೂರೂ ಆ ಪಂದ್ಯದಲ್ಲೇ ಹೋಯಿತು.