ಅಲಖನೂರಿನಲ್ಲಿ ಹದಿನಾರು ನಿಮಿಷ

ಶೇಡಬಾಳ
14 ನವೆಂಬರ್ 2025

ಪ್ರೀತಿಯ ಪೂನಮ,

ಹೋದ ವಾರ ಗುರುವಾರ ನಿನ್ನ ಮನೆಯ ಗೇಟಿನವರೆಗೆ ಬಂದಿದ್ದೆ. ಇದನ್ನು ಮುಚ್ಚಿಟ್ಟು ಎರಡು ಕಾಗದ ಬರೆದು, ಎರಡನ್ನೂ ಹರಿದು ಹಾಕಿದೆ. ನಮ್ಮ ಜೈನ ಸಮಾಜದ ಹೊರಗಿನವನೆಂದು ನಾವು ಬೇಡವೆಂದ ಅಮಿತನನ್ನು ನೀನು ಮದುವೆಯಾಗಿ ಹದಿನಾಲ್ಕು ತಿಂಗಳಾಯಿತು. ತಡವಾಯಿತು ಎನ್ನುವುದು ಸಣ್ಣ ಮಾತು. ನೀವಿಬ್ಬರೂ ಆರೋಗ್ಯವೆಂದು ನಂಬಿದ್ದೇನೆ.

ಮಳೆಗಾಲದಲ್ಲಿ ನಾನು ತಲೆಸುತ್ತಿ ಬಿದ್ದ ಮೇಲೆ ನಿನ್ನ ಪಪ್ಪಾ ನನಗೊಂದು ಸ್ಮಾರ್ಟ್‌ವಾಚ್ ತಂದರು. ಅದು ನನ್ನ ಫೋನಿಗೆ ಹೇಳುತ್ತದೆ, ನನ್ನ ಫೋನು ಅವರ ಫೋನಿಗೆ ಹೇಳುತ್ತದೆ: ನಾಡಿ, ನಿದ್ದೆ, ಹೆಜ್ಜೆ, ನಾನೆಲ್ಲಿದ್ದೇನೆ ಎಂಬುದು. ಕಾಳಜಿಯಿಂದಲೇ ಮಾಡಿದರು, ಅದನ್ನು ಸುಳ್ಳೆನ್ನಲಾರೆ. ಆದರೆ ಅದೇ ಫೋನಿನಿಂದ ನಿನ್ನ ನಂಬರು ಅಳಿಸಿದವರೂ ಅವರೇ.

ಗುರುವಾರ ಫೋನನ್ನು ಚಾರ್ಜಿಗೆ ಹಾಕಿ ಮನೆಯಲ್ಲೇ ಬಿಟ್ಟು, ಕುಡಚಿಯಲ್ಲಿ ಬಸ್ ಬದಲಿಸಿ ಅಲಖನೂರಿಗೆ ಬಂದೆ. ಫೋನಿಲ್ಲದ ವಾಚು ಬರೀ ಗಡಿಯಾರವೆಂದು ತಿಳಿದಿದ್ದೆ. ಬಸ್ಸಿಳಿದು ನಡೆಯುವಾಗ, ಬೆಳಗಿನ ರೂಢಿಯಿಂದ, ಅದರ ವಾಕಿಂಗ್ ಗುಂಡಿ ಒತ್ತಿಬಿಟ್ಟಿದ್ದೆ; ಒತ್ತಿದರೆ ಅದು ಫೋನಿಲ್ಲದೆಯೂ ನಡೆದ ದಾರಿಯನ್ನು ಕೂಡಿಡುತ್ತದೆ.

ನಿನ್ನ ಅತ್ತೆಯೇ ಇರಬೇಕು, ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. "ಯಾರ್ ಬೇಕಾಗಿತ್ರಿ ಅಕ್ಕಾರ? ಎಷ್ಟೊತ್ತಂತ ನಿಲ್ತೀರಿ, ಒಳಗ ಬರ್ರಿ, ಚಾ ಕುಡೀರಿ" ಎಂದರು. ಒಳಗಿನಿಂದ ನಿನ್ನ ನಗು ಕೇಳಿಸುತ್ತಿತ್ತು. "ಮನಿ ತಪ್ಪೇತ್ರಿ" ಎಂದು ಹೇಳಿ ತಿರುಗಿಬಿಟ್ಟೆ.

ಮನೆಗೆ ಬಂದೊಡನೆ ವಾಚು ಕೂಡಿಟ್ಟದ್ದನ್ನೆಲ್ಲ ಫೋನಿಗೆ ಒಪ್ಪಿಸಿತು. ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಕುಳಿತಾಗ ಪಪ್ಪಾ ತಮ್ಮ ಫೋನು ನನ್ನ ಕಡೆ ತಿರುಗಿಸಿದರು. ಅಲಖನೂರಿನ ನಕಾಶೆ, ನಿನ್ನ ಓಣಿಯ ಮೇಲೆ ಕೆಂಪು ಗೆರೆ.

"ಒಂದ ಕಡೆ ಹದಿನಾರ ಮಿನಿಟ್ ನಿಂತಿ. ನಾಡಿ ನೂರಾ ಮೂವತ್ತು. ಏನ್ ನೋಡಾಕ ಹೋಗಿದ್ದಿ?"

ನಿನ್ನ ಅಜ್ಜಿ ಭಾಕರಿ ಮುರಿಯುತ್ತ, "ಸತ್ತಾಕಿನ ಮಾತಾಡಸಾಕ ಹೋಗ್ಯಾಳ. ಇಲ್ಲಾಂದ್ರ ಅಲ್ಲೆ ಯಾರದಾರ ನಮ್ಮವರು?" ಎಂದರು.

"ನನ್ನ ಮಗಳದಾಳ್ರಿ ಅತ್ತಿ."

"ಇನ್ನಮ್ಯಾಲ ಫೋನ್ ಬಿಟ್ಟ ಹೊಸ್ತಿಲಾ ದಾಟಬ್ಯಾಡ" ಎಂದರು ಪಪ್ಪಾ.

"ಆತ್ರಿ, ತಗೊಂಡ ಹೋಗತೀನಿ. ಇಪ್ಪತ್ಮೂರಕ್ಕ, ಐತವಾರ, ಮತ್ತ ಅಲಖನೂರಿಗೆ ಹೊಂಟೀನಿ. ಕುಂತ ನೋಡ್ರಿ, ಈ ಸಲ ಗೆರಿ ಗೇಟಿನ ಒಳಗ ಹೋಗತೈತಿ."

"ಹೋದ್ರ ಅಲ್ಲೇ ಇದ್ದಬಿಡು."

"ಇರಾಕ ಹೊಂಟಿಲ್ರಿ. ಚಾ ಕುಡದ ಬರತೀನಿ."

ಪಪ್ಪಾ ತಾಟು ಬಿಟ್ಟೆದ್ದರು. ನಾನು ಪೂರ್ತಿ ಉಂಡೆ. ಅದು ಧೈರ್ಯವೋ ಬರೀ ಹಟವೋ, ಇನ್ನೂ ತಿಳಿಯದು. ನಾಡಿ ಮಾತ್ರ ಎಪ್ಪತ್ತೆಂಟಿತ್ತು.

ನಿನಗೂ ಅಮಿತನಿಗೂ ಒಳ್ಳೆಯದಾಗಲಿ. ನಿನ್ನ ನಗು ಹಾಗೆಯೇ ಓಣಿಗೆಲ್ಲ ಕೇಳುತ್ತಿರಲಿ.

ನಿನ್ನ ಅವ್ವ,
ತ್ರಿಶಲಾ

ತಾ.ಕ.: ನೀನು ಹೋದ ದಿನ ಮನೆಯವರೆಲ್ಲ ನಿನ್ನ ಹೆಸರು ಹೇಳಿ ಸೂತಕದ ಸ್ನಾನ ಮಾಡಿದ್ದು ನಿನಗೆ ಗೊತ್ತಿರಬಹುದು. ಅಜ್ಜಿ ಮಾಡಿಸಿದರೆಂದು ಕೇಳಿರುತ್ತೀ. ನನ್ನನ್ನು ಯಾರೂ ಎಳೆದುಕೊಂಡು ಹೋಗಲಿಲ್ಲ, ಪೂನಮ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳೆಂದು ಬೀಗುತ್ತಿದ್ದ ನಾನೇ ಎಲ್ಲರಿಗಿಂತ ಮೊದಲು ತಲೆಯ ಮೇಲೆ ನೀರು ಸುರಿದುಕೊಂಡೆ. ನನ್ನನ್ನು ಒಳಗೆ ಕರೆಯುವುದೋ ಬಿಡುವುದೋ ಎಂಬುದನ್ನು ಇದನ್ನು ತಿಳಿದೇ ನೀನು ನಿರ್ಧರಿಸಬೇಕು. ಅದಕ್ಕೇ, ನಾನು ಬರುವ ಮೊದಲೇ ನಿನ್ನ ಕೈಸೇರಲೆಂದು, ಈ ಕಾಗದವನ್ನು ಅಂಚೆಗೆ ಹಾಕುವುದು ಸೋಮವಾರ, 17 ನವೆಂಬರ್ 2025.