ಪೂರ್ವದ ಕಿಟಕಿ

ಜುಲೈ 5, ಬೆಳಿಗ್ಗೆ

ಇವತ್ತೂ ಟೀಯಲ್ಲಿ ಸಿಮೆಂಟಿನ ಹುಡಿ. ಅಡುಗೆಮನೆ ಅರ್ಧ ಒಡೆದು ಬಿದ್ದಿದೆ, ಸ್ಟವ್ ಹಾಲಿನಲ್ಲಿ ಟಿವಿಯ ಪಕ್ಕ. ಬಾಡಿಗೆ ಫ್ಲ್ಯಾಟಿಗೆ ಇಷ್ಟೆಲ್ಲ ಯಾಕೆಂದು ವಾಚ್‌ಮನ್ ಬೀರಾನ್ ದಿನಾ ಕೇಳುತ್ತಾನೆ. ಏನು ಹೇಳಲಿ? ಎರಡು ಸಲ ಬಸಿರು ನಿಲ್ಲಲಿಲ್ಲ. ಇದು ಮೂರನೆಯದು, ಈಗ ಎರಡು ತಿಂಗಳು.

ಒಲೆಯ ಜಾಗ ಸರಿಯಿಲ್ಲ, ಬದಲಿಸು ಎಂದಿದ್ದ ಅತ್ತೆ ಪಡುಬಿದ್ರಿಯಿಂದ ವಿಡಿಯೋ ಕಾಲ್ ಮಾಡಿ, ಹೊಸ ಒಲೆ ಯಾವ ದಿಕ್ಕಿಗೆ ಎಂದರು. ಗೊತ್ತಿಲ್ಲ ಎಂದೆ.

"ದಿಕ್ಕು ಗೊತ್ತಿಲ್ಲದೆ ಬೇಯಿಸುದಾ? ಪೂರ್ವಕ್ಕೆ ಮಾಡು ಮಗಾ. ಆಟಿ ತಿಂಗಳು ಬರುವ ಮೊದಲು ಮುಗಿಸು. ಮತ್ತೆ ಒಂದು ತಿಂಗಳು ಒಲೆ ಅಲ್ಲಾಡಿಸ್ಲಿಕ್ಕಿಲ್ಲ."

ಗಲ್ಫಿಗೆ ಬಂದು ಜಾಬ್ರಿಯಾದ ಲ್ಯಾಬಿನಲ್ಲಿ ದಿನಾ ಊರವರ ರಕ್ತ ಪರೀಕ್ಷೆ ಮಾಡುವವಳು ನಾನು. ಇದನ್ನೆಲ್ಲ ನಂಬುತ್ತೇನಾ? ಗೊತ್ತಿಲ್ಲ. ಹೆದರಿಕೆಯಂತೂ ನಿಜ.

ಜುಲೈ 6

ಪೂರ್ವ ಎಲ್ಲಿ? ಸುತ್ತ ಬಿಲ್ಡಿಂಗುಗಳು, ಸೂರ್ಯನ ಮುಖವೇ ಕಾಣುವುದಿಲ್ಲ. ಫೋನಿನ ಕಂಪಾಸ್ ಹಾಲಿನಲ್ಲಿ ಒಂದು ಹೇಳಿದರೆ ಬಾತ್‌ರೂಮಿನಲ್ಲಿ ಇನ್ನೊಂದು ಹೇಳುತ್ತದೆ.

ನಿನ್ನೆ ಮೇಸ್ತ್ರಿ ಅಝರುದ್ದೀನ್ ಹಳೆಯ ಕಪಾಟು ಕಿತ್ತಾಗ ಹಿಂದೆ ಒಂದು ಕಿಟಕಿ ಸಿಕ್ಕಿತ್ತು! ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಅದರಿಂದ ಹಳದಿ ಬೆಳಕು, ನೆಲದ ತುಂಬ. ಗಂಡ ಯಶೋಧರರನ್ನು ಎಬ್ಬಿಸಿ ತೋರಿಸಿದೆ. "ಸಿಕ್ಕಿತಲ್ಲ ಮಾರಾಯ್ತಿ, ಅಲ್ಲೇ ಇಡುವ ಒಲೆ," ಎಂದರು. ಕಣ್ಣು ಒದ್ದೆಯಾಗಿತ್ತು ಇವರದ್ದು.

ಜುಲೈ 9

ಡ್ರಿಲ್ ಪೈಪಿಗೆ ಹೋಯಿತು. ನೀರು ಕೆಳಗಿನ ಫ್ಲ್ಯಾಟಿನ ಬ್ರೆಂಡಾಳ ಹಾಸಿಗೆಯ ಮೇಲೆ. ಬೀರಾನ್ ಓಡಿ ಬಂದ. "ಕಾಮ್ ಖಲಾಸ್, ಬಂದ್ ಕರೋ!" ಬ್ರೆಂಡಾ ಮಾತ್ರ, "ಒಣಗ್ತದೆ ಬಿಡಿ ವಾರಿಜಕ್ಕ, ನೀವು ಮೊದಲು ಕೂತ್ಕೊಳ್ಳಿ," ಎಂದಳು. ಅವಳಿಗೆ ಹೇಗೆ ಗೊತ್ತಾಯಿತು? ನಾನು ಈ ಬಿಲ್ಡಿಂಗಿನಲ್ಲಿ ಯಾರಿಗೂ ಹೇಳಿಲ್ಲ.

ಜುಲೈ 13

ಕೆಲಸ ಪುನಃ ಶುರು. ತಂದ ಟೈಲ್ಸ್ ಬೇರೆ ಬಣ್ಣ. ಇರಲಿ.

ಮಧ್ಯಾಹ್ನ ಡ್ಯೂಟಿಗೆ ಹೊರಡುವಾಗ ಅಝರುದ್ದೀನ್ ಕಿಟಕಿಯ ಕಡೆ ಮುಖ ಮಾಡಿ ಚಾಪೆ ಹಾಸಿ ನಮಾಜು ಮಾಡುತ್ತಿದ್ದ. ನಮ್ಮ ಪೂರ್ವವೇ ಅವನ ಕಿಬ್ಲಾ, ನಮಾಜಿನ ದಿಕ್ಕು, ಆಯಿತಲ್ಲ ಎಂದು ಸಂತೋಷಪಟ್ಟೆ.

ಜುಲೈ 16

ಮುಗಿಯಿತು. ನಾಳೆಯಿಂದ ಆಟಿ. ಹೊಸ ಒಲೆಯಲ್ಲಿ ಹಾಲುಕ್ಕಿಸಿದೆ. ಅತ್ತೆ ವಿಡಿಯೋದಲ್ಲೇ ಕೈ ಮುಗಿದರು. ಇವತ್ತು ನಿದ್ದೆ ಬಂದೀತು.

ಜುಲೈ 20

ಇವರು ಕಿಟಕಿಗೆ ದಪ್ಪ ಪರದೆ ತಂದು ಹಾಕಿದ್ದಾರೆ. "ಧೂಳು ಬರ್ತದೆ," ಎಂದರು. ಗಾಜು ಮುಚ್ಚಿಯೇ ಇರುತ್ತದಲ್ಲ?

ಜುಲೈ 25, ಸಂಜೆ

ಮೊದಲ ಸಲ ಸಂಜೆ ರಜೆ. ಇವರಿಗೆ ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಓವರ್‌ಟೈಮ್. ಟೀ ಇಡಲು ಹೋಗಿ ಪರದೆ ಸರಿಸಿದೆ. ಎದುರಿನ ಗಾಜಿನ ಬಿಲ್ಡಿಂಗಿನ ಬದಿಯಲ್ಲಿ ಸೂರ್ಯ, ಕೆಂಪಗೆ, ಮುಳುಗುತ್ತಾ ಇದ್ದಾನೆ. ನನ್ನ ಪೂರ್ವದಲ್ಲಿ.

ಹಾಗಾದರೆ ಬೆಳಿಗ್ಗೆಯ ಬೆಳಕು ಆ ಗಾಜಿಗೆ ಬಡಿದು ಬಂದದ್ದು. ಅಝರುದ್ದೀನನ ಚಾಪೆ... ಮಕ್ಕಾ ಇಲ್ಲಿಂದ ಪಶ್ಚಿಮದ ಕಡೆಗಲ್ಲವಾ? ಕಣ್ಣೆದುರೇ ಇತ್ತು, ತಲೆಗೆ ಹೋಗಲಿಲ್ಲ.

ಒಲೆ ತಿರುಗಿಸೋಣವೆಂದರೆ ಆಟಿ. ಮುಟ್ಟಿದರೆ ತಪ್ಪು, ಬಿಟ್ಟರೆ ತಪ್ಪು. ಹೊಟ್ಟೆಯ ಮೇಲೆ ಕೈ ಇಟ್ಟು ನೆಲದಲ್ಲೇ ಕುಳಿತೆ. ಇವರಿಗೆ ಹೇಳಲಾ? ದಿನಾ ಐದು ಗಂಟೆಗೆ ಮನೆಗೆ ಬರುವವರು... ಪರದೆ. ಧೂಳಂತೆ!

ಪರದೆ ಎಳೆದು ಮೊದಲಿನ ಹಾಗೆ ಮಾಡಿಟ್ಟೆ.

ಜುಲೈ 31

ನಾಳೆ ಸ್ಕ್ಯಾನ್. ಇಬ್ಬರೂ ಊಟದ ಮಾತಷ್ಟೇ ಆಡಿದೆವು.

ಆಗಸ್ಟ್ 1

ಮಗುವಿನ ಎದೆಬಡಿತ ಕೇಳಿಸಿತು. ಗಟ್ಟಿ, ಅವಸರದ್ದು. ಡಾಕ್ಟರ್ ಮುಂದೆಯೇ ಇವರು ಅತ್ತರು. ನಾನೂ.

ಸಂಜೆ ಮನೆಗೆ ಬಂದವರೇ ನನಗಿಂತ ಮೊದಲು ಅಡುಗೆಮನೆಗೆ ಓಡಿ, ಸರಿದಿದ್ದ ಪರದೆ ಮುಚ್ಚಲು ಕೈ ಹಾಕಿದರು.

"ಬಿಡಿ, ಬೆಳಕು ಬರ್ಲಿ," ಎಂದೆ.

ಕೈ ಅಲ್ಲೇ ನಿಂತಿತು. "ನಿನಗೆ ಯಾವಾಗ ಗೊತ್ತಾಯ್ತು?"

"ನಿಮಗೆ?"

"ಹಾಲುಕ್ಕಿಸಿದ ಮರುದಿನ. ಅಲ್ಲಿವರೆಗೆ ಧೂಳಿಗೆ ಹೆದರಿ ಸಂಜೆ ಈ ಕಡೆ ಬಂದಿರ್ಲಿಲ್ಲ. ನೀನು ಆ ದಿನ ನಿದ್ದೆ ಮಾಡಿದ್ದೆ ವಾರಿಜಾ. ಎಷ್ಟೋ ಸಮಯದ ಮೇಲೆ."

ಬೈಯಬೇಕೆಂದಿದ್ದವಳು ಪರದೆಯನ್ನು ಪೂರ್ತಿ ಸರಿಸಿದೆ. ಅಷ್ಟರಲ್ಲಿ ಅತ್ತೆಯ ವಿಡಿಯೋ ಕಾಲ್. ಸುದ್ದಿ ಕೇಳಿ ಕಣ್ಣೊರೆಸಿಕೊಂಡರು. "ಪೂರ್ವಕ್ಕೆ ತಿರುಗಿಸಿದ್ದಕ್ಕೆ ಆದದ್ದು. ಒಮ್ಮೆ ಒಲೆ ತೋರಿಸು ಮಗಾ."

ಫೋನ್ ತಿರುಗಿಸಿದೆ. ಒಲೆಯ ಹಿಂದೆ ಕಿಟಕಿ ತುಂಬ ಸೂರ್ಯ. ಪಡುಬಿದ್ರಿಯಲ್ಲಿ ಆಗ ರಾತ್ರಿ.

"ಅಲ್ಲಿ ಈಗ ಬೆಳಗಾಗುದಾ?" ಅತ್ತೆ ಕೇಳಿದರು.

ಇವರು ನನ್ನನ್ನೇ ನೋಡಿದರು. ನಾನು ಪರದೆ ಮುಟ್ಟದೆ, "ಹೌದತ್ತೆ, ನಮಗೆ ಈಗ ಬೆಳಗಾಯಿತು," ಎಂದೆ.