ಎರಡು ಪಿಚ್ಚರು, ಒಂದು ಕಾಗದ

ಹುಮನಾಬಾದ
೧೬ ಮೇ ೧೯೪೮, ರವಿವಾರ

ಪ್ರೀತಿಯ ಹಣಮಂತಣ್ಣನಿಗೆ,

ತಂಗಿ ಗಯಾಳ ನಮಸ್ಕಾರ. ಹೊಟ್ಟೆನೋವು ಹೇಗಿದೆ? ಸೊಲ್ಲಾಪುರದ ಖಾನಾವಳಿಯಲ್ಲಿ ಖಾರ ಕಡಿಮೆ ತಿನ್ನು. ಹೇಳಿದರೆ ಕೇಳುವ ಪೈಕಿ ನೀನಲ್ಲ, ಆದರೂ ಹೇಳುತ್ತೇನೆ. ಅವ್ವ ಗಟ್ಟಿಯಾಗಿದ್ದಾಳೆ. ನಿನ್ನೆ ಎರಡು ಸೇರು ಜೋಳ ಬೀಸಿ, ನನ್ನನ್ನು ಬೈದು, ಮತ್ತೆ ಬೀಸಿದಳು. ಅಂಚೆಗೆ ಹಾಕಿದರೆ ಇದು ಯಾರ್ಯಾರ ಕೈ ದಾಟುತ್ತದೋ ಗೊತ್ತಿಲ್ಲ. ಅದಕ್ಕೇ ಬಳೆಗಾರ್ತಿ ಹಜಿರಾ ಬೀ ಮಾಲು ತರಲು ಅಲ್ಲಿಗೆ ಹೊರಟಿದ್ದಾಳೆಂದು ಅವಳ ಗಂಟಿನಲ್ಲಿ ಇಟ್ಟು ಕಳಿಸುತ್ತಿದ್ದೇನೆ.

ಊರಿಗೆ ಟೂರಿಂಗ್ ಟಾಕೀಸು ಬಂದಿದೆ. ನಾನೂ ಹಜಿರಾ ಬೀಯೂ ಹೆಂಗಸರ ಕಡೆ ಕೂತು ನೋಡಿಬಂದೆವು. ಅಣ್ಣಾ, ಇದು ಪೂರಾ ಕದ್ದ ಮಾಲು. ಎರಡು ವರ್ಷದ ಹಿಂದೆ ಕಲ್ಯಾಣಿ ಊರಿನ ಟಾಕೀಸಿನಲ್ಲಿ ನೀನು ನನಗೆ ತೋರಿಸಿದ ಪಿಚ್ಚರನ್ನೇ ಬಿಚ್ಚಿ ಮತ್ತೆ ಹೊಲಿದಿದ್ದಾರೆ. ಅಲ್ಲಿ ಕುದುರೆ, ಇಲ್ಲಿ ರೈಲು. ಅಲ್ಲಿ ಕಾಕಾ ಕೆಟ್ಟವನು, ಇಲ್ಲಿ ಮಾವ. ಮೀಸೆ ಮಾತ್ರ ಅದೇ. ದೂರ ಹೋದ ಮಗನನ್ನು ಕರೆಸಿ ಕೊಲ್ಲಲು ಎರಡರಲ್ಲೂ ಒಂದೇ ಸುಳ್ಳು ಕಾಗದ: ತಾಯಿ ಸಾಯುತ್ತಿದ್ದಾಳೆ, ಕೂಡಲೇ ಬಾ. ಕದ್ದವನು ಕದ್ದದ್ದನ್ನು ತಿದ್ದಿಯೇ ತಿದ್ದುತ್ತಾನೆ ಎಂದು ನೀನು ವಾದಿಸುತ್ತಿದ್ದೆ, ನಾನು ಒಪ್ಪುತ್ತಿರಲಿಲ್ಲ. ಈಗ ಒಪ್ಪಿದೆ. ಮೊದಲನೆಯದರಲ್ಲಿ ಕಾಗದ ಬರೆದವನು ಗುಮಾಸ್ತ. ಗುರುತಿಲ್ಲದ ಅಕ್ಷರ ನೋಡಿ ಮಗನಿಗೆ ಅನುಮಾನ ಬಂತು, ಅರ್ಧ ದಾರಿಯಲ್ಲೇ ಕುದುರೆ ತಿರುಗಿಸಿ ಬದುಕಿಕೊಂಡ. ಇದರಲ್ಲಿ ತಂಗಿಯ ಕೈಯಿಂದಲೇ ಬರೆಸುತ್ತಾರೆ. ಮಗ ಅದನ್ನು ನಂಬಿ ರೈಲಿಳಿದು ಬರುತ್ತಾನೆ. ಹಜಿರಾ ಬೀ 'ಮತ್ ಆ ಬೇಟಾ', ಬರಬೇಡ ಮಗನೇ, ಎಂದು ಕೂಗಿಯೇಬಿಟ್ಟಳು, ನಡುವೆ ಕಟ್ಟಿದ ಪರದೆಯಾಚೆ ಗಂಡಸರೆಲ್ಲ ನಕ್ಕರು.

ವಾಡೆಯ ಧಣಿ ದೇವಿಂದ್ರಪ್ಪ ನಗಲಿಲ್ಲ. ಹೋದ ವರ್ಷ ನೀನು ತ್ರಿವರ್ಣ ಬಾವುಟ ಏರಿಸಿ ಊರು ಬಿಟ್ಟಾಗಿನಿಂದ ಅವನು ನಿನ್ನ ಜೀವಕ್ಕೆ ಕಾದು ಕೂತಿದ್ದು ನಿನಗೆ ಗೊತ್ತೇ ಇದೆ. ಕಾಗದದ ಸೀನು ಮುಗಿದೊಡನೆ ಎದ್ದು ಹೋದ. ಮರುದಿನವೂ ಬಂದು ಅಷ್ಟನ್ನೇ ನೋಡಿ ಹೋದನಂತೆ. ಇವತ್ತು ಬೆಳಿಗ್ಗೆ ನಮ್ಮ ಅಂಗಳದಲ್ಲಿ ನಿಂತು, 'ಕೇಶರಬಾಯಿ, ಜೀವ ಹ್ಯಾಂಗ ಅದರಿ? ಭಾಳ ಸೊರಗೀರಿ' ಎಂದ. ಬೀಸುವ ಕಲ್ಲಿನ ಮುಂದಿದ್ದ ಅವ್ವ ಇನ್ನೊಂದು ಹಿಡಿ ಜೋಳ ಹಾಕಿ ಬೀಸಿದಳು. ಆಮೇಲೆ ಧಣಿ ನನ್ನ ಕಡೆ ತಿರುಗಿ, 'ನಿನ್ನ ಅಕ್ಷರ ಭಾಳ ಚಂದ ಅವ ಅಂತಲ್ಲ ತಂಗಿ' ಎಂದು, ಕಟ್ಟೆಯ ಮೇಲೆ ಬಿಳಿ ಹಾಳೆಗಳನ್ನೂ ಮಸಿಕುಡಿಕೆಯನ್ನೂ ಇಟ್ಟು ಹೋದ. ನಾಳೆ ಬರುತ್ತಾನಂತೆ. ನನಗೆ ಹೆದರಿಕೆಯಾಗಿದೆ ಅಣ್ಣಾ. ಸಾಲು ಸೊಟ್ಟಗಿದ್ದರೆ ನಗಬೇಡ.

ಮೈ ಕಾಯ್ದುಕೋ. ಅವ್ವ ನಿನ್ನ ತಲೆಯ ಮೇಲೆ ಕೈ ಇಟ್ಟಿದ್ದಾಳೆಂದೇ ತಿಳಿ.

ನಿನ್ನ ತಂಗಿ
ಗಯಾಬಾಯಿ

ತಾ.ಕ.: ಅವ್ವ ಹಾಸಿಗೆ ಹಿಡಿದಿದ್ದಾಳೆಂದು ನನ್ನದೇ ಅಕ್ಷರದಲ್ಲಿ ಕಾಗದ ಬಂದರೆ ಬರಬೇಡ. ಖರೆ ಇದ್ದರೆ ಮೂಲೆಯಲ್ಲಿ ಏನಾದರೂ ಗುರುತು ಹಾಕಲೇ ಎಂದು ಅವ್ವನನ್ನು ಕೇಳಿದೆ. 'ಅವರು ಹೊಡದರ ನೀ ಗುರುತೂ ಹೇಳಿಬಿಡ್ತಿ. ಖರೇನ ನಾ ಸಾಯಾಕತ್ತಿದ್ರೂ ಬರಬ್ಯಾಡ ಅಂತ ಬರಿ' ಅಂದಳು. ಬರೆದಿದ್ದೇನೆ.